ಹಾಜರಿಯ ಕೊನೆಯ ಹೆಸರು

ಮೈಸೂರು
12 ಆಗಸ್ಟ್ 2024

ಪ್ರೀತಿಯ ಚಾಮುಂಡೇಶ್ವರಿ ಮೇಡಂ,

ನಾನು ಅನುಪಮಾ. ಬಿ.ಎ.ಯಲ್ಲಿ ನಿಮ್ಮ ವಿದ್ಯಾರ್ಥಿನಿ, ಕಿಟಕಿ ಪಕ್ಕ ಕೂತು ನಿಮ್ಮಿಂದ ಸದಾ ಬೈಸಿಕೊಳ್ಳುತ್ತಿದ್ದ ರಾಜೀವನಗರದ ಮಂಟಯ್ಯನವರ ಮಗಳು. ಗಂಟಲಿನ ಆಪರೇಷನ್ ಆದಮೇಲೆ ನಿಮ್ಮ ದನಿ ಹೋಯಿತಂತೆ, ಫೋನ್ ಮಾಡಿ ಪ್ರಯೋಜನವಿಲ್ಲ, ವಾಟ್ಸಾಪ್ ಅಂದರೆ ಅಮ್ಮನಿಗೆ ಮೈ ಉರಿ ಎಂದು ನಿಮ್ಮ ಮಗಳು ಧಾರವಾಡದ ವಿಳಾಸ ಕೊಟ್ಟರು. ಸುದ್ದಿ ಕೇಳಿ ಬಹಳ ಸಂಕಟವಾಯಿತು ಮೇಡಂ. ಕಾರಿಡಾರಿನ ಆ ತುದಿಯಿಂದ ಕೂಗಿದರೂ ನಮ್ಮನ್ನು ಗಪ್‌ಚುಪ್ ಮಾಡುತ್ತಿದ್ದ ದನಿ ಅದು.

ಈಗ ನಾನೂ ಮೇಷ್ಟ್ರಾಗಿದ್ದೇನೆ. ಉದಯಗಿರಿಯ ಒಂದು ಸಂಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹಗಲೆಲ್ಲ ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ ದುಡಿದ ಹುಡುಗ ಹುಡುಗಿಯರು ಸಂಜೆ ಬರುತ್ತಾರೆ. ಬಂದವರು ಸುಮ್ಮನಿರಬೇಕಲ್ಲ. ಅಭಿಲಾಷ್ ಎಂಬ ಒಬ್ಬನಿದ್ದಾನೆ, ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಬಸ್ ಕಂಡಕ್ಟರ್ ಹಾಗೆ ಸೀಟಿ ಊದುತ್ತಾನೆ. ಪ್ರಿನ್ಸಿಪಾಲ್ ಕುಮಾರಸ್ವಾಮಿಯವರು 'ತರಗತಿ ನಡವಳಿಕೆ ನಿಯಮಗಳು' ಅಂತ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿದ್ದಾರೆ. ಉಪನ್ಯಾಸಕರು ಬಂದಾಗ ಎದ್ದು ನಿಲ್ಲಬೇಕು, ಹಾಜರಿಗೆ ಕೇಳಿಸುವಂತೆ ಉತ್ತರಿಸಬೇಕು, ಹಾಜರಿ ಮುಗಿದ ಮೇಲೆ ಬಾಗಿಲು ಹಾಕಬೇಕು, ಬೆಂಚಿನಲ್ಲಿ ತಮ್ಮ ಜಾಗವಿಲ್ಲದವರು ಕೋಣೆಯೊಳಗೆ ಇರಕೂಡದು. ಕ್ಲಾಸು ಹದ್ದುಬಸ್ತಿನಲ್ಲಿದ್ದರೆ ಮಾತ್ರ ನಿಮ್ಮನ್ನು ಮುಂದಿನ ವರ್ಷಕ್ಕೆ ತಗೊಳ್ತೀನಿ ಎಂದು ನನಗೆ ಹೇಳಿಬಿಟ್ಟಿದ್ದಾರೆ.

ಈ ಗಲಾಟೆಯಲ್ಲೂ ಪಾಠ ಕೇಳುವವಳು ಒಬ್ಬಳಿದ್ದಾಳೆ, ಪವಿತ್ರ. ಶ್ರೀರಾಂಪುರದಿಂದ ಬರುತ್ತಾಳೆ. ಹಗಲು ಗಾರ್ಮೆಂಟ್ಸ್‌ನಲ್ಲಿ ಅಂಗಿಯ ಕಾಲರ್ ಹೊಲಿಯುವ ಕೆಲಸ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಅಪ್ಪನಿಗೆ ಈ ವರ್ಷವೇ ಓದು ಬಿಡಿಸುವ ಆತುರ. ತಾಯಿ ಪುಟ್ಟಮಾದಮ್ಮ ನನ್ನ ಕೈ ಹಿಡಿದುಕೊಂಡು, "ಇವ್ಳ್ ಡಿಗ್ರಿ ಒಂದ್ ಮುಗಿಸ್ಬುಡಿ ಕಣಮ್ಮ, ಆಮೇಕೆ ಯಾರ್ ಏನಾರ ಅನ್ಲಿ" ಅಂದರು. ಮುಗಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ. ಆದರೆ ಈ ಸಂತೆಯಲ್ಲಿ ಅವಳಿಗೆ ಪಾಠ ಮುಟ್ಟಿಸುವುದು ಹೇಗೆ? ಏನಾದರೂ ದಾರಿ ಹೇಳಿ ಮೇಡಂ.

ನಿಮ್ಮ
ಅನುಪಮಾ


ಧಾರವಾಡ
19 ಆಗಸ್ಟ್ 2024

ಅನು,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತು ಅಂದರೆ ಮಗಳಿಗೆ ತೋರಿಸಿ ತೋರಿಸಿ ಬೇಜಾರು ಹತ್ತಿಸಿದೆ. ನನ್ನನ್ನು ಅಯ್ಯೋ ಪಾಪ ಅನ್ನಬೇಡ. ದನಿ ಇಲ್ಲದ ಅತ್ತೆ ಅಂದರೆ ಅಳಿಯನಿಗೆ ಹಬ್ಬ ಕಣಮ್ಮ, ಅವನೊಬ್ಬನಾದರೂ ಸುಖವಾಗಿರಲಿ.

ಆ ಅಚ್ಚು ಹಾಕಿಸಿದ ನಿಯಮಗಳಿಂದ ಏನೂ ಆಗುವುದಿಲ್ಲ. ಗೋಡೆ ಓದಿಕೊಂಡು ಯಾವ ಹುಡುಗ ಬಾಯಿ ಮುಚ್ಚಿದ್ದಾನೆ? ನಾನು ಮಾಡುತ್ತಿದ್ದದ್ದು ಹೇಳುತ್ತೇನೆ ಕೇಳು. ಹಾಜರಿ ಕೂಗುತ್ತೀಯಲ್ಲ, ಕೊನೆಯ ಹೆಸರು ಆದಮೇಲೆ ಇನ್ನೊಂದು ಹೆಸರು ಕೂಗು. ಆ ಕ್ಲಾಸಿನಲ್ಲಿ ಯಾರಿಗೂ ಇಲ್ಲದ ಹೆಸರು. ಲಿಂಗರಾಜು ಅಂತಲೇ ಇಟ್ಟುಕೋ. ಕೂಗಿ, ತಲೆಯೆತ್ತಿ, ನಿಜವಾಗಿ ಅವನು ಅಲ್ಲೆಲ್ಲೋ ಇದ್ದಾನೆ ಅನ್ನುವ ಹಾಗೆ ಸುಮ್ಮನೆ ಕಾದುಕೊಂಡಿರು. ಯಾರಪ್ಪಾ ಇವನು ಅಂತ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಗಳಿಗೆ ಸದ್ದು ನಿಲ್ಲುತ್ತದೆ. ಅದೇ ಸಮಯ, ಪಾಠ ಶುರು ಮಾಡು. ನೀವೆಲ್ಲ ನನ್ನ ಕ್ಲಾಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದು ನನಗೆ ಹೆದರಿ ಅಂದುಕೊಂಡಿದ್ದೀರಿ, ಅಲ್ಲವಾ?

ಒಂದು ತಿಂಗಳಾದ ಮೇಲೆ ಹೆಸರು ಬದಲಾಯಿಸು. ಮರೆಯಬೇಡ.

ಆ ಹುಡುಗಿಯನ್ನು ಬಿಡಬೇಡ. ತಾಯಿಗೆ ಕೊಟ್ಟ ಮಾತು ಸಣ್ಣದಲ್ಲ.

ಚಾಮುಂಡೇಶ್ವರಿ


ಮೈಸೂರು
23 ಸೆಪ್ಟೆಂಬರ್ 2024

ಮೇಡಂ,

ನಿಮ್ಮ ಕಾಲಿಗೆ ದೊಡ್ಡ ನಮಸ್ಕಾರ. ಮೊದಲ ದಿನ "ಲಿಂಗರಾಜು" ಅಂದಾಗ ಕಿಸಕ್ಕನೆ ನಕ್ಕರು. ಆಮೇಲಾಮೇಲೆ ನಗು ಕಮ್ಮಿಯಾಯಿತು. ಈಗ ಆ ಹೆಸರು ಕೂಗಿದರೆ ಫ್ಯಾನ್ ತಿರುಗುವ ಸದ್ದು ಮಾತ್ರ. ಅಭಿಲಾಷ್ ಕೂಡ ಬಾಗಿಲ ಕಡೆ ನೋಡುತ್ತಾನೆ. ಒಂದು ಪಾಠ ಪೂರ್ತಿ ಮಾಡಿದೆ ಮೇಡಂ, ನಡುವೆ ಒಂದು ಸೀಟಿ ಇಲ್ಲ. ಪವಿತ್ರ ಕಿರುಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದಳು.

ಒಂದು ತಮಾಷೆ ಹೇಳಬೇಕು. ಬರೀ ಬಾಯಲ್ಲಿ ಕೂಗಿದರೆ ಹುಡುಗರಿಗೆ ಅನುಮಾನ ಬಂದೀತೆಂದು ಲಿಂಗರಾಜುವಿನ ಹೆಸರನ್ನು ಹಾಜರಿ ಪುಸ್ತಕದಲ್ಲೂ ಬರೆದೆ. ತಿಂಗಳ ಕೊನೆಗೆ ಪುಸ್ತಕ ಆಫೀಸಿಗೆ ಹೋಯಿತು. ಅಲ್ಲಿಯ ಗುಮಾಸ್ತರು ಹಿಂದೆ ಮುಂದೆ ನೋಡದೆ ಅವನಿಗೊಂದು ರಿಜಿಸ್ಟರ್ ನಂಬರ್ ಕೊಟ್ಟು ಕಂಪ್ಯೂಟರಿಗೆ ಏರಿಸಿಬಿಟ್ಟಿದ್ದಾರೆ. ಮೊನ್ನೆ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕೊರತೆಯವರ ಹೆಸರು ಹಾಕಿದ್ದರು. "ಲಿಂಗರಾಜು, ಕೂಡಲೇ ತರಗತಿಗೆ ಹಾಜರಾಗತಕ್ಕದ್ದು." ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಪವಿತ್ರ ಮಾತ್ರ, "ಪಾಪ ಮ್ಯಾಮ್, ಇಷ್ಟ್ ದಿನ ಅವ್ನಿಗ್ ಯಾರೂ ಹೇಳೇ ಇಲ್ವಲ್ಲ" ಅಂದಳು.

ಪುಸ್ತಕದಲ್ಲಿ ಬರೆದುಬಿಟ್ಟ ಕಾರಣ ಹೆಸರು ಬದಲಾಯಿಸಲು ಆಗಲಿಲ್ಲ. ಹೇಗೂ ಕೆಲಸ ನಡೆಯುತ್ತಿದೆಯಲ್ಲ.

ಅನುಪಮಾ


ಧಾರವಾಡ
28 ಸೆಪ್ಟೆಂಬರ್ 2024

ಅನು,

ನಿನ್ನ ಬುದ್ಧಿಗೆ ಏನು ಹೇಳಲಿ. ಬರೆಯಲು ನಿನಗೆ ಯಾರು ಹೇಳಿದರು? ನಾನು ಬಾಯಲ್ಲಿ ಕೂಗು ಅಂದೆ, ಅಷ್ಟೆ. ನಾನು ಯಾವತ್ತೂ ಬರೆದವಳಲ್ಲ. ನಾಳೆಯೇ ಹೋಗಿ ಆ ಹೆಸರು ಹೊಡೆದು ಹಾಕಿಸು. ನೋಟಿಸನ್ನೂ ಕೀಳಿಸು. ಬೇರೆ ಹೆಸರು ಕೂಗು, ಇಲ್ಲವೇ ದಸರಾ ರಜೆ ಮುಗಿಯುವವರೆಗೆ ಏನೂ ಕೂಗಬೇಡ.

ಯಾಕೆ ಏನು ಅಂತ ಕೇಳಬೇಡ. ಹಿರಿಯರು ಹೇಳಿದ್ದನ್ನು ಒಂದು ಸಲವಾದರೂ ಕೇಳು.

ಚಾಮುಂಡೇಶ್ವರಿ


ಮೈಸೂರು
21 ಅಕ್ಟೋಬರ್ 2024

ಮೇಡಂ,

ಹೆಸರು ಹೊಡೆಸಲು ಹೋಗಿದ್ದೆ. ಕಂಪ್ಯೂಟರಿಗೆ ಹೋದದ್ದನ್ನು ಈ ವರ್ಷ ಮುಗಿಯುವವರೆಗೆ ತೆಗೆಯಲು ಬರುವುದಿಲ್ಲ ಅಂದರು ಆಫೀಸಿನವರು. ಸುಳ್ಳು ಹೆಸರೆಂದು ಪ್ರಿನ್ಸಿಪಾಲರಿಗೆ ಹೇಳಿದರೆ ನನ್ನ ಕೆಲಸವೇ ಹೋಗುತ್ತದೆ. ಸುಮ್ಮನೆ ವಾಪಸು ಬಂದೆ.

ರಜೆ ಮುಗಿದ ಮೊದಲ ದಿನ, ಅಭ್ಯಾಸಬಲ, ಕೊನೆಗೆ ಲಿಂಗರಾಜು ಎಂದು ಕೂಗಿದೆ.

"ಎಸ್ ಮ್ಯಾಮ್" ಅಂತ ಉತ್ತರ ಬಂತು.

ಅಭಿಲಾಷ್ ಪ್ರಾಕ್ಸಿ ಕೊಟ್ಟನೆಂದು ಅವನ ಕಡೆ ನೋಡಿದೆ. ಅವನ ಬಾಯಿ ಮುಚ್ಚಿತ್ತು, ಮುಖ ಬಿಳಚಿಕೊಂಡಿತ್ತು. ಉತ್ತರ ಬಂದದ್ದು ಪವಿತ್ರ ಕೂರುವ ಬೆಂಚಿನಿಂದ. ಅವಳ ಪಕ್ಕ ಒಬ್ಬ ಹುಡುಗ ಎದ್ದು ನಿಂತಿದ್ದ. ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡಿದ್ದ. ನಾನು ಕೂತ್ಕೋ ಅನ್ನುವವರೆಗೂ ಹಾಗೇ ನಿಂತಿದ್ದ. ಹೊಸ ಹುಡುಗ ಇರಬೇಕು, ಆಫೀಸಿನವರು ಆ ನಂಬರಿಗೆ ಯಾರನ್ನೋ ಸೇರಿಸಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಮುಖ ಹೇಗಿದೆ ಎಂದು ನಿಮಗೆ ಬರೆಯಬೇಕು ಅಂದುಕೊಂಡೇ ಸ್ಟಾಫ್ ರೂಮಿಗೆ ಬಂದೆ. ಬರುವಷ್ಟರಲ್ಲಿ ನೆನಪಿರಲಿಲ್ಲ. ಇದುವರೆಗೆ ಹೀಗೇ ಆಗುತ್ತಿದೆ.

ಬಹಳ ಶಿಸ್ತಿನ ಹುಡುಗ ಮೇಡಂ. ಗೋಡೆಯ ಮೇಲಿನ ಒಂದು ನಿಯಮವನ್ನೂ ಮೀರುವುದಿಲ್ಲ. ನಾನು ಬಾಗಿಲಿಗೆ ಬರುವ ಮೊದಲೇ ಎದ್ದು ನಿಂತಿರುತ್ತಾನೆ. ಈಗೀಗ ಉಳಿದವರೂ ಅವನ ಜೊತೆ ಏಳುತ್ತಾರೆ, ಅವನ ಜೊತೆ ಕೂರುತ್ತಾರೆ.

ಬೆಂಚಿನಲ್ಲಿ ಜಾಗ ಸಾಲದೆ ಪವಿತ್ರ ಅಂಚಿನಲ್ಲಿ ಕೂತು ಬರೆಯುತ್ತಾಳೆ. "ಆ ಕಡೆಯಿಂದ ತಣ್ಣಗ್ ಬರ್ತದೆ ಮ್ಯಾಮ್" ಅಂದಳು. ಕಿಟಕಿ ಹಾಕಿಸಿದ್ದೇನೆ.

ಅನುಪಮಾ


ಧಾರವಾಡ
26 ಅಕ್ಟೋಬರ್ 2024

ಅನು,

ಹುಡುಗರು ನಿನ್ನನ್ನು ಆಟ ಆಡಿಸುತ್ತಿದ್ದಾರೆ. ಯಾವನೋ ಪಕ್ಕದ ಕಾಲೇಜಿನವನನ್ನು ಕರೆತಂದು ಕೂರಿಸಿದ್ದಾರೆ. ಗುರುತಿನ ಚೀಟಿ ಕೇಳು, ಅಪ್ಪನ ಹೆಸರು ಕೇಳು, ಯಾವ ಬಸ್ಸಿನಲ್ಲಿ ಬರುತ್ತೀಯ ಅಂತ ಕೇಳು, ಬಾಲ ಬಿಚ್ಚಿದವನ ಬಣ್ಣ ಬಯಲಾಗುತ್ತದೆ.

ಇಷ್ಟು ಬರೆದು ಕಾಗದ ಮಡಿಸಿಟ್ಟಿದ್ದೆ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಪವಿತ್ರ ತನ್ನ ಜಾಗ ಬಿಡದಂತೆ ನೋಡಿಕೋ. ಇನ್ನೊಂದು ಬೆಂಚು ಹಾಕಿಸು. ಬೆಂಚು ಸಿಗದಿದ್ದರೆ ಒಂದು ಕುರ್ಚಿಯಾದರೂ ಹಾಕಿಸು. ಹಾಜರಿ ಕೂಗುವಾಗ ಅವಳ ಹೆಸರನ್ನು ಗಟ್ಟಿಯಾಗಿ ಕೂಗು, ಅವಳ ಮುಖ ನೋಡಿಕೊಂಡು ಕೂಗು.

ಚಾಮುಂಡೇಶ್ವರಿ


ಮೈಸೂರು
14 ನವೆಂಬರ್ 2024

ಮೇಡಂ ಅವರಿಗೆ,

ಎರಡು ಸಲ ಸ್ಟಾಫ್ ರೂಮಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆ. ಎರಡು ಸಲವೂ ಮಾರನೆಯ ದಿನ ಇರಲಿಲ್ಲ. ಬೆಂಚು ಕೇಳಿದರೆ ಪ್ರಿನ್ಸಿಪಾಲರು, "ಇರೋ ಹುಡುಗ್ರಿಗೆ ಇರೋ ಬೆಂಚು ಸರಿಯಾಗಿದೆ ಕಣ್ರೀ, ಲೆಕ್ಕ ನೋಡ್ಕೊಳ್ಳಿ" ಅಂದರು. ಹಾಜರಿ ಪುಸ್ತಕ ತೆಗೆದು ನೋಡಿದೆ. ಒಬ್ಬ ಹೆಚ್ಚು ಬಂದಿದ್ದರೂ ಸಂಖ್ಯೆ ಮೊದಲಿನಷ್ಟೇ ಇದೆ. ಎಷ್ಟು ಸಲ ಕೂಡಿದರೂ ಅಷ್ಟೇ ಬರುತ್ತದೆ.

ಪವಿತ್ರ ಈಗ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾಳೆ. ನಿಯಮದ ಪ್ರಕಾರ ಜಾಗವಿಲ್ಲದವರು ಒಳಗೆ ಇರುವಂತಿಲ್ಲ, ಆದರೂ ನಾನು ಸುಮ್ಮನಿದ್ದೇನೆ. ಮೊನ್ನೆ ಸ್ಟಾಫ್ ರೂಮಿಗೆ ಬಂದು ಅತ್ತಳು. "ನಾನ್ ದಿನಾ ಕೂಗ್ತಾ ಇವ್ನಿ ಮ್ಯಾಮ್, ನೀವ್ ಆಬ್ಸೆಂಟ್ ಹಾಕ್ಬುಡ್ತೀರಿ" ಅಂದಳು. ಪುಸ್ತಕ ನೋಡಿದರೆ ನಿಜ, ವಾರದಿಂದ ಆಬ್ಸೆಂಟ್ ಹಾಕಿದ್ದೇನೆ. ಅವಳು ಉತ್ತರಿಸಿದ್ದು ನನಗೆ ಕೇಳಿಸಿಯೇ ಇಲ್ಲ. ಕೇಳಿಸುವಂತೆ ಉತ್ತರಿಸಬೇಕು ಎಂದು ನಿಯಮವೇ ಇದೆ, ಸ್ವಲ್ಪ ಜೋರಾಗಿ ಹೇಳಮ್ಮ ಅಂದೆ. ಆಮೇಲೆ ನನಗೇ ನಾಚಿಕೆಯಾಯಿತು.

ಲಿಂಗರಾಜುವಿಗೆ ಅಪ್ಪನ ಹೆಸರು ಕೇಳಿದೆ. "ಎಸ್ ಮ್ಯಾಮ್" ಅಂದ. ಯಾವ ಬಸ್ಸು ಎಂದು ಕೇಳಿದೆ. ಅದಕ್ಕೂ ಅಷ್ಟೇ ಅಂದ. ಯಾರೂ ನಗಲಿಲ್ಲ.

ಕ್ಲಾಸು ಮಾತ್ರ ಬಹಳ ಚೆನ್ನಾಗಿ ನಡೆಯುತ್ತಿದೆ.

ಅನುಪಮಾ


ಧಾರವಾಡ
18 ನವೆಂಬರ್ 2024, ಸ್ಪೀಡ್ ಪೋಸ್ಟ್

ಅನು,

ಕೇಳು. ತಿಂಗಳಿಗೊಮ್ಮೆ ಹೆಸರು ಬದಲಾಯಿಸು ಅಂದದ್ದು ಯಾಕೆಂದು ಈಗ ಹೇಳುತ್ತೇನೆ. ಆಗಲೇ ಹೇಳಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ. ಒಂದೇ ಹೆಸರನ್ನು ದಿನಾ ಕೂಗಿ ಕೂಗಿ ಕಾದರೆ, ಒಂದಷ್ಟು ದಿನದ ಮೇಲೆ ಆ ಕಡೆಯೂ ಯಾರೋ ಕಿವಿಗೊಟ್ಟು ಕೂತಿದ್ದಾರೆ ಅನ್ನಿಸತೊಡಗುತ್ತದೆ. ಉತ್ತರ ಇನ್ನೇನು ಬಂತು ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸಿದ ದಿನವೇ ಹೆಸರು ಬದಲಿಸುತ್ತಿದ್ದೆ. ನೀನು ಬರೆದೆ, ನಂಬರ್ ಕೊಡಿಸಿದೆ, ಬಾ ಅಂತ ಬೋರ್ಡಿಗೂ ಹಾಕಿಸಿದೆ. ಅವನು ಬಂದ. ಅವನಿಗೆ ಜಾಗ ಬೇಕು, ಅದನ್ನು ಪವಿತ್ರಳಿಂದ ಕಿತ್ತುಕೊಳ್ಳುತ್ತಿದ್ದಾನೆ. ಬೆಂಚಿನ ಜಾಗ ಒಂದೇ ಅಂದುಕೊಳ್ಳಬೇಡ.

ನಾಳೆ ಕ್ಲಾಸಿಗೆ ಹೋಗುತ್ತಲೇ ಅವಳ ಕೈ ಹಿಡಿದು ಮುಂದಿನ ಬೆಂಚಿನಲ್ಲಿ ಕೂರಿಸು. ಅವಳ ಮನೆಗೆ ಹೋಗು, ತಾಯಿಯ ಜೊತೆ ಅವಳ ಬಗ್ಗೆ ಮಾತಾಡು. ಕೂಡಲೇ ಉತ್ತರ ಬರಿ. ನನಗೆ ನಿದ್ದೆ ಬರುತ್ತಿಲ್ಲ.

ಚಾಮುಂಡೇಶ್ವರಿ


ಮೈಸೂರು
16 ಡಿಸೆಂಬರ್ 2024

ಮಾನ್ಯ ಮೇಡಂ ಅವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ನಿಮ್ಮ ಆರೋಗ್ಯ ಸುಧಾರಿಸಿದೆಯೆಂದು ನಂಬಿದ್ದೇನೆ.

ನನ್ನ ತರಗತಿ ಇಡೀ ಕಾಲೇಜಿಗೇ ಮಾದರಿಯಾಗಿದೆ ಎಂದು ಪ್ರಿನ್ಸಿಪಾಲರು ಸಭೆಯಲ್ಲಿ ಹೇಳಿದರು. ಮುಂದಿನ ವರ್ಷಕ್ಕೂ ನನ್ನನ್ನೇ ತೆಗೆದುಕೊಳ್ಳುತ್ತಾರಂತೆ. ಎಲ್ಲರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಪುಟ ತಿರುಗಿಸುತ್ತಾರೆ. ಅಭಿಲಾಷ್ ಮಾತಾಡಿ ಎಷ್ಟು ದಿನವಾಯಿತೋ.

ನೀವು ಪವಿತ್ರ ಎಂಬ ವಿದ್ಯಾರ್ಥಿನಿಯ ಬಗ್ಗೆ ಕೇಳಿದ್ದೀರಿ. ನನ್ನ ತರಗತಿಯಲ್ಲಿ ಆ ಹೆಸರಿನವರು ಯಾರೂ ಇಲ್ಲ. ಹಾಜರಿ ಪುಸ್ತಕವನ್ನೂ ನೋಡಿದೆ, ಇಲ್ಲ. ನಿಮ್ಮ ಹಳೆಯ ವಿದ್ಯಾರ್ಥಿನಿ ಯಾರೋ ಇರಬೇಕು. ವಯಸ್ಸಾದ ಮೇಲೆ ಇದೆಲ್ಲ ಸಹಜ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹೋದ ವಾರ ಒಬ್ಬ ತಾಯಿ ಸ್ಟಾಫ್ ರೂಮಿಗೆ ಬಂದಿದ್ದರು, ಶ್ರೀರಾಂಪುರದವರಂತೆ. ಕೈಯಲ್ಲಿ ಊಟದ ಡಬ್ಬಿ. ಯಾರನ್ನು ನೋಡಬೇಕಮ್ಮ ಅಂದೆ. ಬಾಯಿ ತೆರೆದರು, ಹೆಸರು ಬರಲಿಲ್ಲ. "ಯಾರ್ಗೋ ಕೊಡ್ಬೇಕಿತ್ತು ಕಣಮ್ಮ" ಅಂದರು. ಸ್ವಲ್ಪ ಹೊತ್ತು ನನ್ನ ಎದುರು ಕೂತು, ಡಬ್ಬಿ ಮೇಜಿನ ಮೇಲಿಟ್ಟು ಎದ್ದು ಹೋದರು. ಆಮೇಲೆ ನಾನು ಯಾಕೋ ಬಹಳ ಹೊತ್ತು ಅತ್ತೆ.

ಇಂತಿ
ಅನುಪಮಾ


ಧಾರವಾಡ
20 ಡಿಸೆಂಬರ್ 2024

ಅನು,

ಕೆಲಸ ಉಳಿಯಿತಲ್ಲ, ಸಂತೋಷ. ನೀನು ಹೇಳಿದ್ದು ಸರಿ, ನನಗೆ ವಯಸ್ಸಾಯಿತು, ಮರೆವು.

ಆದರೆ ಒಂದು ಮಾತು. ಲಿಂಗರಾಜು ಈಗ ನಿಜವಾಗಿ ಕ್ಲಾಸಿನಲ್ಲಿದ್ದಾನಲ್ಲ, ಹಾಗಾದರೆ ಹಾಜರಿಯ ಕೊನೆಗೆ ಕೂಗಲು ನಿನ್ನ ಬಳಿ ಹೆಸರೇ ಇಲ್ಲ. ಇವತ್ತು ಸುಮ್ಮನಿರುವ ಹುಡುಗರು ನಾಳೆಯೂ ಸುಮ್ಮನಿರುತ್ತಾರೆಂದು ಏನು ಗ್ಯಾರಂಟಿ? ಹೊಸ ಹೆಸರು ಬೇಕು. ಪವಿತ್ರ ಅಂತ ಇಟ್ಟುಕೋ. ದಿನಾ ಕೂಗು, ಕಾದು ನೋಡು. ಪುಸ್ತಕದಲ್ಲಿ ಬರಿ, ನೋಟಿಸ್ ಬೋರ್ಡಿಗೆ ಹಾಕಿಸು. ಈ ಸಲ ಹೆಸರು ಬದಲಾಯಿಸಬೇಡ. ನಾನು ನಿನ್ನ ಗುರು, ಇದೊಂದು ಕೆಲಸ ನನಗಾಗಿ ಮಾಡು.

ಚಾಮುಂಡೇಶ್ವರಿ


ಮೈಸೂರು
27 ಜನವರಿ 2025

ಮಾನ್ಯ ಮೇಡಂ ಅವರಿಗೆ,

ನೀವು ಹೇಳಿದಂತೆ ದಿನವೂ ಆ ಹೆಸರು ಕೂಗುತ್ತ ಬಂದೆ. ಬರೆದೆ, ಬೋರ್ಡಿಗೂ ಹಾಕಿಸಿದೆ. ಹೆಸರು ಕೂಗಿದಾಗ ಲಿಂಗರಾಜು ಮಾತ್ರ ತಲೆ ತಗ್ಗಿಸುತ್ತಿದ್ದ.

ಈಗ್ಗೆ ಒಂದು ವಾರದ ಕೆಳಗೆ, ಹಾಜರಿ ಮುಗಿಸಿ ಬಾಗಿಲು ಹಾಕಿದ ಮೇಲೆ ಹೊರಗಿನಿಂದ ಒಂದು ಹುಡುಗಿಯ ದನಿ ಬಂತು. "ಒಳಗ್ ಬರ್ಬೋದಾ ಮ್ಯಾಮ್?"

ತರಗತಿಯೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿತು. ನಿಯಮ ನಿಮಗೆ ಗೊತ್ತಲ್ಲ. ಹಾಜರಿ ಮುಗಿದಿದೆ, ಒಳಗೆ ಜಾಗವೂ ಇಲ್ಲ. ಹೊರಗೇ ನಿಂತ್ಕೋ ಅಂದೆ.

ಅಂದಿನಿಂದ ದಿನವೂ ಬರುತ್ತಾಳೆ, ದಿನವೂ ಕೇಳುತ್ತಾಳೆ, ದಿನವೂ ಅದನ್ನೇ ಹೇಳುತ್ತೇನೆ. ಗಲಾಟೆ ಮಾಡುವುದಿಲ್ಲ. ಪಾಠ ಮುಗಿಸಿ ಬಾಗಿಲು ತೆಗೆದರೆ ಕಾರಿಡಾರಿನಲ್ಲಿ ಯಾರೂ ಇರುವುದಿಲ್ಲ. ಆ ದನಿಯನ್ನು ನಾನು ಎಲ್ಲೋ ಕೇಳಿದ್ದೇನೆ ಮೇಡಂ. ನಾನು ಮಾಡುತ್ತಿರುವುದು ಸರಿ ತಾನೆ?

ಅನುಪಮಾ


ಧಾರವಾಡ
30 ಜನವರಿ 2025, ಸ್ಪೀಡ್ ಪೋಸ್ಟ್

ನನ್ನ ತಾಯಿ, ಅನು,

ಅವಳನ್ನು ಒಳಗೆ ಕರಿ. ಅವಳು ನಾನು ಕಟ್ಟಿದ ಹೆಸರಲ್ಲ. ನಿನ್ನ ಕ್ಲಾಸಿನ ಹುಡುಗಿ, ಶ್ರೀರಾಂಪುರದ ಪವಿತ್ರ, ಕಾಲರ್ ಹೊಲಿಯುವವಳು. ಡಬ್ಬಿ ಹಿಡಿದು ಬಂದು ನಿನ್ನ ಎದುರು ಕೂತವಳು ಅವಳ ತಾಯಿ ಪುಟ್ಟಮಾದಮ್ಮ. ಮಗಳ ಡಿಗ್ರಿ ಮುಗಿಸುತ್ತೇನೆಂದು ಅವಳ ಕೈ ಹಿಡಿದು ಮಾತು ಕೊಟ್ಟವಳು ನೀನು. ಆ ಕಾಲೇಜಿಗೇ ಕಾಲಿಡದವಳು ನಾನು, ಅದಕ್ಕೇ ನನಗೆ ಇನ್ನೂ ನೆನಪಿದೆ. ದನಿ ಇದ್ದಿದ್ದರೆ ಫೋನಿನಲ್ಲೇ ಕಿರುಚಿ ಹೇಳುತ್ತಿದ್ದೆ.

ಆದರೆ ಅವಳಿಗೊಂದು ಜಾಗ ಆಗದೆ ಒಳಗೆ ಕರೆದರೆ ಇನ್ನೊಬ್ಬರ ಜಾಗ ಹೋಗುತ್ತದೆ. ಪ್ರಿನ್ಸಿಪಾಲರ ಕಾಲು ಹಿಡಿ, ಸುಳ್ಳು ಹೆಸರು ಬರೆದೆ ಅಂತ ಒಪ್ಪಿಕೋ, ಲಿಂಗರಾಜುವಿನ ಹೆಸರು ತೆಗೆಸು. ಕೆಲಸ ಹೋದರೆ ಹೋಗಲಿ, ಬೇರೆ ನೋಡೋಣ. ಅವನು ಹೋದ ಮೇಲೆ ಅವಳನ್ನು ಕರಿ. ನಿನ್ನ ಕುರ್ಚಿಯನ್ನು ಮಾತ್ರ ಕೊಡಬೇಡ. ಕೇಳಿಸಿತಾ? ನಿನ್ನದನ್ನು ಕೊಡಬೇಡ.

ಚಾಮುಂಡೇಶ್ವರಿ


ಮೈಸೂರು
6 ಫೆಬ್ರವರಿ 2025

ಮೇಡಂ,

ಪ್ರಿನ್ಸಿಪಾಲರ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವರು ನಕ್ಕುಬಿಟ್ಟರು. "ಒಂದ್ ದಿನಾನೂ ತಪ್ಪಿಸ್ದೆ ಬರೋ ಹುಡ್ಗ, ಅವ್ನ ಹೆಸರ್ ತೆಗೀಬೇಕಾ? ರಜ ಹಾಕಿ ರೆಸ್ಟ್ ತಗೊಳ್ಳಿ ಮೇಡಂ" ಅಂದರು. ಅವರ ಕೋಣೆಯಿಂದ ಆಚೆ ಬಂದರೆ ಲಿಂಗರಾಜು ಬಾಗಿಲಲ್ಲೇ ನಿಂತಿದ್ದ. ನನಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ, ಬಹಳ ಮರ್ಯಾದೆಯಿಂದ.

ಇವತ್ತು ಸಂಜೆ ಅವಳು ಕೇಳಿದಾಗ ಬಾಗಿಲನ್ನು ಚೂರು ತೆರೆದು ನೋಡಿದೆ. ಇದ್ದಳು. ತೋಳಿನ ಮೇಲೆ ಹೊಲಿಗೆ ದಾರದ ಚೂರುಗಳು ಅಂಟಿದ್ದವು. "ಕಾಲ್ ನೋಯ್ತಾವೆ ಮ್ಯಾಮ್" ಅಂದಳು. ಅಷ್ಟೇ ಅಂದದ್ದು. ನಾನು ಬಾಗಿಲು ಹಾಕಿಬಿಟ್ಟೆ. ಮನೆಗೆ ಬಂದು ಊಟ ಸೇರಲಿಲ್ಲ.

ಅವಳು ಯಾರೆಂದು ನನಗೆ ಈಗಲೂ ನೆನಪಾಗುತ್ತಿಲ್ಲ. ಮಾತು ಕೊಟ್ಟದ್ದೂ ನೆನಪಿಲ್ಲ. ಆದರೆ ಕೊಟ್ಟಿದ್ದೆ ಎಂದು ನೀವು ಬರೆದಿದ್ದೀರಿ, ನೀವು ಇಲ್ಲದ್ದನ್ನು ಹೇಳುವವರಲ್ಲ. ನಾಳೆ ನನ್ನ ಕುರ್ಚಿಯನ್ನು ಆ ಬೆಂಚಿನ ಪಕ್ಕ ಹಾಕಿ ಅವಳನ್ನು ಒಳಗೆ ಕರೆಯುತ್ತೇನೆ. ನೀವು ಬೇಡ ಅಂದಿದ್ದೀರಿ, ಕೋಪ ಮಾಡಿಕೊಳ್ಳಬೇಡಿ. ನಾನು ಹೇಗೂ ನಿಂತೇ ಪಾಠ ಮಾಡುವವಳು. ಹೆದರಿಕೆ ಆಗುತ್ತಿದೆ, ಇಲ್ಲ ಅನ್ನುವುದಿಲ್ಲ. ನಮ್ಮಪ್ಪನ ಜೊತೆ ಇವತ್ತು ಬಹಳ ಹೊತ್ತು ಮಾತಾಡುತ್ತ ಕೂತಿದ್ದೆ, ಯಾಕಮ್ಮ ಹಿಂಗ್ ನೋಡ್ತಿದ್ದೀಯ ಅಂದರು.

ನಿಮ್ಮ
ಅನು


ಮೈಸೂರು
5 ಮಾರ್ಚ್ 2025

ಚಾಮುಂಡೇಶ್ವರಿ ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಹೆಸರು ಪವಿತ್ರ. ಉದಯಗಿರಿಯ ಸಂಜೆ ಕಾಲೇಜಿನಲ್ಲಿ ಓದುತ್ತಿದ್ದೇನೆ. ನಿಮಗೆ ನನ್ನ ಪರಿಚಯ ಇಲ್ಲ. ಅನುಪಮಾ ಎಂಬುವವರಿಗೆ ನೀವು ಬರೆದ ಕಾಗದಗಳು ಒಂದರ ಮೇಲೊಂದು ಕಾಲೇಜಿಗೆ ಬರುತ್ತಿವೆ. ಆ ಹೆಸರಿನವರು ಇಲ್ಲಿ ಯಾರೂ ಕೆಲಸ ಮಾಡಿಲ್ಲ ಎಂದು ಆಫೀಸಿನವರು ಹೇಳಿದರು. ವಾಪಸು ಕಳಿಸುವ ಮೊದಲು ಒಂದನ್ನು ಒಡೆದು ನೋಡಿ, ಒಳಗೆ ನನ್ನ ಹೆಸರಿದೆ ಅಂತ ನನಗೆ ಕೊಟ್ಟರು. ಓದಿದೆ, ಏನೂ ಅರ್ಥವಾಗಲಿಲ್ಲ. ಬೇಜಾರಾಗಬೇಡಿ.

ನನ್ನ ಓದು ಚೆನ್ನಾಗಿ ನಡೆಯುತ್ತಿದೆ. ಪರೀಕ್ಷೆಗೆ ಕಟ್ಟಿದ್ದೇನೆ, ಅಪ್ಪನೂ ಒಪ್ಪಿದ್ದಾರೆ. ಈ ವರ್ಷ ನಮಗೆ ಒಂದು ವಿಷಯಕ್ಕೆ ಲೆಕ್ಚರರ್ ಬಂದೇ ಇಲ್ಲ, ಆದರೂ ನನ್ನ ನೋಟ್ಸ್ ಪೂರ್ತಿ ಇದೆ. ಕ್ಲಾಸಿನಲ್ಲಿ ಗಲಾಟೆ ಇರುವುದಿಲ್ಲ. ಹಾಜರಿಯನ್ನು ಲಿಂಗರಾಜು ಕೂಗುತ್ತಾನೆ. ಎಲ್ಲರಿಗೂ ಬೆಂಚು, ನನಗೊಬ್ಬಳಿಗೆ ಕೈ ಇರುವ ಕುರ್ಚಿ. ಅದನ್ನು ಯಾರು ಹಾಕಿಕೊಟ್ಟರೋ ಗೊತ್ತಿಲ್ಲ. ಯಾರೋ ಬಾಗಿಲು ತೆಗೆದು ಬಾಮ್ಮ ಒಳಗೆ ಅಂದದ್ದು, ನನ್ನ ಹೆಗಲ ಮೇಲೆ ಕೈ ಇಟ್ಟು ಕೂರಿಸಿದ್ದು ಮಾತ್ರ ನೆನಪಿದೆ. ಮುಖ ನೆನಪಾಗುವುದಿಲ್ಲ. ನಿಮ್ಮ ಅನುಪಮಾ ಅನ್ನುವವರು ಅವರೇನಾ?

ಇನ್ನೊಂದು ವಿಷಯ ಕೇಳಬೇಕಿತ್ತು. ದಿನಾ ಹಾಜರಿ ಮುಗಿದು ಬಾಗಿಲು ಹಾಕಿದ ಮೇಲೆ ಹೊರಗಿನಿಂದ ಯಾರೋ ಮೆಲ್ಲಗೆ ತಟ್ಟುತ್ತಾರೆ. ಮಾತಾಡುವುದಿಲ್ಲ, ತಟ್ಟುವುದು ಮಾತ್ರ. ನಿಯಮ ಇದೆಯಲ್ಲ, ಅದಕ್ಕೆ ಯಾರೂ ಏಳುವುದಿಲ್ಲ. ನನಗೆ ಎದ್ದು ಹೋಗಿ ತೆಗೆಯಬೇಕು ಅಂತ ಜೀವ ಹೊಡೆದುಕೊಳ್ಳುತ್ತದೆ. ಆದರೆ ಎದ್ದರೆ ಈ ಕುರ್ಚಿ ನನಗೆ ಮತ್ತೆ ಸಿಗುವುದಿಲ್ಲ ಅನ್ನಿಸುತ್ತದೆ, ಯಾಕೆ ಹಾಗೆ ಅನ್ನಿಸುತ್ತದೋ ತಿಳಿಯದು. ಮನೆಯಲ್ಲಿ ಹೇಳಿದೆ. ಅಮ್ಮ ಸುಮ್ಮನೆ ನನ್ನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ.

ನಾನು ತೆಗೆಯುತ್ತೇನೆ ಮೇಡಂ. ಖಂಡಿತ ತೆಗೆಯುತ್ತೇನೆ. ಪರೀಕ್ಷೆ ಇನ್ನು ಸ್ವಲ್ಪ ದಿನಕ್ಕೆ ಮುಗಿಯುತ್ತದೆ. ಅಲ್ಲಿಯತನಕ ಅವರು ಕಾಯುತ್ತಾರೆ ಅಲ್ಲವಾ?

ಇಂತಿ ತಮ್ಮ ವಿಧೇಯ
ಪವಿತ್ರ